ವಾಸಣ್ಣನ ಮುಖಕ್ಕೆ ಮೂರು ದೀಪ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ತಳ ತೂತಾದ ಒಂದು ಅಲ್ಯೂಮಿನಿಯಂ ಪಾತ್ರೆ ಇದೆ. ಸವೆದು ಆದ ತೂತಲ್ಲ. ಬಲ್ಬಿನ ಹೋಲ್ಡರು ತೂರುವಷ್ಟು ದುಂಡಗೆ, ಬೇಕೆಂದೇ ಕೊರೆಸಿದ್ದು. ದೀಪಾವಳಿಯ ಮುಂಚೆ ಅಟ್ಟ ಒರೆಸುವಾಗೆಲ್ಲ ನಮ್ಮ ಕೆಲಸದ ಶಾಂತಾಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ವಹಿನೀ, ಹೇ ಟಾಕೂನ್ ದೇಊ ಕಾ?" ಅನ್ನುತ್ತಾಳೆ. ಬಿಸಾಡಲೇ ಎಂದು. ನಾನು ಬೇಡ ಅನ್ನುತ್ತೇನೆ. ಅವಳು ಆ ತೂತಿನೊಳಗಿಂದಲೇ ನನ್ನನ್ನು ಒಮ್ಮೆ ನೋಡಿ, ಪಾತ್ರೆಯನ್ನು ಮತ್ತೆ ಒಳಗೆ ತಳ್ಳುತ್ತಾಳೆ. ಮದರಾಸಿ ಹೆಂಗಸರಿಗೆ ಪಾತ್ರೆಗಳ ಹುಚ್ಚು ಎಂದು ಅವಳ ತೀರ್ಮಾನ. ನಾವು ಮದರಾಸಿನವರಲ್ಲ, ಮೈಸೂರಿನವರು ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಹೇಳಿದರೆ, ಮೈಸೂರು ಮದರಾಸಿನಲ್ಲಿ ಎಲ್ಲಿ ಬರುತ್ತದೆ ಎಂದು ಕೇಳುತ್ತಾಳೆ.

ಅದು ಮೊದಲು ಪಾಯಸ ಮಾಡುವ ಪಾತ್ರೆಯಾಗಿತ್ತು. ಆಮೇಲೆ ಅದಕ್ಕೆ ಬಡ್ತಿ ಸಿಕ್ಕಿ ಕೀ ಲೈಟ್ ಆಯಿತು.

ಎಂಬತ್ತರ ದಶಕದ ಉತ್ತರಾರ್ಧದ ಮಾತು. ಮುಂಬಯಿಯ ಮುಲುಂಡಿನಲ್ಲಿ ನಮ್ಮದು ಮೂರನೆಯ ಮಹಡಿ, ಒಂದು ಹಾಲು, ಒಂದು ಕಿಚನ್ನು. ನಾನು, ನಮ್ಮವರು, ಅತ್ತೆ. ನಮ್ಮವರ ಆಫೀಸಿನಲ್ಲಿ ಒಂದು ಹವ್ಯಾಸಿಗಳ ಸಂಘವಿತ್ತು. ಅಲ್ಲಿ ಶನಿವಾರ ಮಧ್ಯಾಹ್ನ ಯಾರಾದರೂ ಬಂದು ಏನಾದರೂ ಹೇಳಿಕೊಡುತ್ತಿದ್ದರು. ಒಂದು ಸಲ ಜೇನು ಸಾಕುವುದು ಹೇಗೆ ಎಂದು ಹೇಳಿದ್ದರು; ಮೂರನೆಯ ಮಹಡಿಯಲ್ಲಿದ್ದೇವಲ್ಲ ಎಂದು ನಾನು ದೇವರಿಗೆ ಕೈಮುಗಿದಿದ್ದೆ. ಅದಾದ ಮೇಲಿನ ತಿಂಗಳು ಗೋರೆಗಾಂವಿನ ಯಾವುದೋ ಸಿನಿಮಾ ಸ್ಟುಡಿಯೋದಲ್ಲಿ ದೀಪದ ಕೆಲಸ ಮಾಡುತ್ತಿದ್ದವರೊಬ್ಬರು ಬಂದು, ಮನುಷ್ಯರ ಮುಖಕ್ಕೆ ಬೆಳಕು ಬಿಡುವುದು ಹೇಗೆ ಎಂದು ಹೇಳಿಕೊಟ್ಟರು. ನಮ್ಮವರ ಹತ್ತಿರ ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೆಯ ಕ್ಯಾಮೆರಾ ಒಂದು ಇತ್ತು. ಕಷ್ಟ ಶುರುವಾದದ್ದು ಹಾಗೆ.

ಅಂದು ರಾತ್ರಿ ಊಟಕ್ಕೆ ಕೂತವರು ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೀಗೆ ನೋಡಿದರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

"ನಿನ್ನ ಎಡಗಡೆ ಮೂಗಿನ ನೆರಳು ಸರಿಯಾಗಿ ಬೀಳ್ತಾ ಇಲ್ಲ," ಅಂದರು.

ಆಮೇಲೆ ವಿವರಿಸಿದರು. ಒಂದು ಮುಖಕ್ಕೆ ಮೂರು ದೀಪ ಬೇಕು. ಒಂದು ಪಕ್ಕದಿಂದ, ತುಸು ಮೇಲಿನಿಂದ ಬೀಳುವುದು ಮುಖ್ಯ ದೀಪ. ಅದು ಕೀ ಲೈಟು. ಅದು ಮಾಡಿದ ನೆರಳನ್ನು ಇನ್ನೊಂದು ಪಕ್ಕದಿಂದ ಮೆತ್ತಗೆ ತುಂಬುವುದು ಫಿಲ್ ಲೈಟು. ಬೆನ್ನ ಹಿಂದಿನಿಂದ ಬಂದು ತಲೆಗೂದಲಿನ ಅಂಚನ್ನು ಬೆಳಗಿಸಿ, ಮನುಷ್ಯನನ್ನು ಗೋಡೆಯಿಂದ ಬಿಡಿಸುವುದು ಬ್ಯಾಕ್ ಲೈಟು.

"ಅರ್ಥ ಆಯ್ತಾ?"

"ಆಯ್ತು. ಹುಳಿ, ಅನ್ನ, ತುಪ್ಪ," ಅಂದೆ. ನನ್ನ ಮಟ್ಟಿಗೆ ಅದು ಈಗಲೂ ಸರಿಯಾದ ವಿವರಣೆಯೇ.

ಅತ್ತೆ ಮಜ್ಜಿಗೆ ಕಲಸಿಕೊಳ್ಳುತ್ತಾ, "ನಮ್ಮ ಕಾಲದಲ್ಲಿ ಸೂರ್ಯ ಅಂತ ಒಬ್ಬನೇ ಇದ್ದ. ಸಾಕಾಗ್ತಿತ್ತು," ಅಂದರು.

ಮಾರನೆಯ ದಿನದಿಂದ ನಮ್ಮವರು ಮನೆಯ ವಸ್ತುಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ಪಾಯಸದ ಪಾತ್ರೆ ಸ್ಟೇಷನ್ ಹತ್ತಿರದ ವೆಲ್ಡಿಂಗ್ ಅಂಗಡಿಗೆ ಹೋಗಿ ತೂತು ಹಾಕಿಸಿಕೊಂಡು ಬಂತು. ಅದರೊಳಗೆ ಐನೂರು ವಾಟಿನ ಒಂದು ಬಲ್ಬು ಕೂತಿತು. ಮಿಠಾಯಿ ಅಂಗಡಿಯಿಂದ ತಂದ ಬಟರ್ ಪೇಪರು ಅದರ ಬಾಯಿಗೆ ಬಿಗಿದುಕೊಂಡಿತು, ಬೆಳಕು ಮೆತ್ತಗಾಗಲೆಂದು. ಬಲ್ಬು ಬಿಸಿಯಾದಾಗ ಕಾಗದಕ್ಕೆ ಅಂಟಿದ್ದ ತುಪ್ಪ ಕರಗಿ ಮನೆಯೆಲ್ಲಾ ಪೇಡೆಯ ವಾಸನೆ. ಆ ದೀಪದ ಎದುರು ಕೂತವರಿಗೆಲ್ಲ ಹಸಿವಾಗುತ್ತಿತ್ತು. ಅವರ ಕರಿ ಕೊಡೆಯ ಒಳಮೈಗೆ ನಾನು ಹಳೆಯ ಬಿಳಿ ಪಂಚೆ ಹೊಲಿದುಕೊಟ್ಟೆ. ಅದನ್ನು ಹಾಲಿನ ನಡುವೆ ಬಿಡಿಸಿ ನಿಲ್ಲಿಸಿದಾಗ ಅತ್ತೆ ದೇವರಕೋಣೆಯಿಂದ, ಎಂದರೆ ಅಡುಗೆಮನೆಯ ಮೂಲೆಯ ಗೂಡಿನಿಂದ, ತಿರುಗಿ ನೋಡಿದರು.

"ಅಲ್ಪಂಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದನಂತೆ. ನೀನು ಐಶ್ವರ್ಯವೂ ಇಲ್ದೆ, ಹಟ್ಟಹಗಲಲ್ಲಿ, ಮನೆ ಒಳಗೇ ಹಿಡ್ದಿದೀಯಲ್ಲೋ!"

ಬೈದರೂ ಮೊದಲು ಕೂತವರು ಅತ್ತೆಯೇ. ಜರಿ ಸೀರೆ ಉಟ್ಟು, ಮೂಗಿಗೆ ವಜ್ರದ ಬೇಸರಿ ಇಟ್ಟು ಕೂತರು. ಪ್ರಿಂಟು ಬಂತು. ಸೀರೆ ಇತ್ತು, ಕಿವಿ ಇತ್ತು, ಕುಂಕುಮ ಇತ್ತು. ಮೂಗಿದ್ದ ಜಾಗದಲ್ಲಿ ಒಂದು ನಕ್ಷತ್ರ. ಬೇಸರಿಯ ಏಳು ಕಲ್ಲೂ ದೀಪಕ್ಕೆ ತಿರುಗಿ ಒಟ್ಟಿಗೆ ಹೊತ್ತಿಕೊಂಡಿದ್ದವು. ಮೈಸೂರಿನಿಂದ ಬಂದಿದ್ದ ಅವರ ತಂಗಿ ಅದನ್ನು ಬಹಳ ಹೊತ್ತು ನೋಡಿ, "ದೀಪ ಚೆನ್ನಾಗಿ ಬಂದಿದೆ. ಹಿಂದೆ ಕೂತಿರೋರು ಯಾರು?" ಅಂದರು.

ಫೋಟೋ ಎಂದರೆ ನಮ್ಮ ಮನೆತನಕ್ಕೆ ಆಗಿಬರುವುದಿಲ್ಲವೇನೋ. ಚಿಕ್ಕವಳಿದ್ದಾಗ ನಮ್ಮಪ್ಪ ನಮ್ಮನ್ನೆಲ್ಲ ಮೈಸೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಗೋಡೆಯ ಮೇಲೆ ಸರೋವರ, ಸರೋವರದಲ್ಲಿ ಹಂಸ, ಹಂಸದ ಕತ್ತು ಬಣ್ಣ ಬಿರಿದು ಮುರಿದಂತೆ ಕಾಣುತ್ತಿತ್ತು. ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವರು, "ಯಾರೂ ಉಸಿರಾಡ್ಬೇಡಿ," ಅಂದರು. ನಾನು ಹೇಳಿದ ಮಾತು ಕೇಳುವ ಹುಡುಗಿ. ತಡೆದೆ. ಫೋಟೋ ಆಯಿತು, ಎಲ್ಲರೂ ಎದ್ದರು, ಅಪ್ಪ ದುಡ್ಡು ಕೊಟ್ಟರು, ಚಪ್ಪಲಿ ಹಾಕಿಕೊಂಡೆವು. ಇನ್ನು ಉಸಿರಾಡಬಹುದು ಎಂದು ಮಾತ್ರ ಯಾರೂ ಹೇಳಲಿಲ್ಲ. ಬೀದಿಗೆ ಬಂದ ಮೇಲೆ ಅಮ್ಮ ನನ್ನ ಮುಖ ನೋಡಿ ಬೆನ್ನಿಗೊಂದು ಕೊಟ್ಟಾಗಲೇ ಗಾಳಿ ಹೊರಗೆ ಬಂದದ್ದು. ಆ ಫೋಟೋದಲ್ಲಿ ನನ್ನ ಕೆನ್ನೆ ಪೂರಿಯ ಹಾಗಿದೆ. ನಮ್ಮವರು ಮದುವೆಗೆ ಮುಂಚೆ ಅದನ್ನು ನೋಡಿದ್ದರೆ ಏನಾಗುತ್ತಿತ್ತೋ, ಹೇಳಲಾರೆ.

ಮದುವೆಯ ಮಾತು ಬಂತಲ್ಲ, ವಾಸಣ್ಣನನ್ನು ಇಲ್ಲೇ ಕರೆತರುತ್ತೇನೆ.

ವಾಸಣ್ಣ ಮುಲುಂಡ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮ್ಯಾನೇಜರು. ಕಾರ್ಕಳದ ಕಡೆಯವರು. ಚಿಕ್ಕಂದಿನಲ್ಲಿ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ, ಈಗ ಮುಲುಂಡಿನಲ್ಲಿ ಗಲ್ಲಾದ ಮೇಲೆ ಕೂತಿದ್ದರು. ನಮ್ಮವರು ಸಂಜೆ ಲೋಕಲ್ ಇಳಿದು ಅಲ್ಲಿ ಕಾಫಿ ಕುಡಿದೇ ಮನೆಗೆ ಬರುತ್ತಿದ್ದರಿಂದ ಪರಿಚಯ. ಭಾನುವಾರ ಮಧ್ಯಾಹ್ನ ಬಿಡುವಾದರೆ ಮನೆಗೂ ಬರುತ್ತಿದ್ದರು, ಒಂದು ಡಬ್ಬಿ ಸಾಂಬಾರು ಹಿಡಿದುಕೊಂಡು. ಅತ್ತೆ ಒಂದು ತೊಟ್ಟು ನೆಕ್ಕಿ, "ಇದಕ್ಯಾಕೆ ಬೆಲ್ಲ ಹಾಕ್ತೀರಪ್ಪಾ, ಹೋಳಿಗೆ ಸಾರೇನು?" ಅನ್ನುತ್ತಿದ್ದರು. "ಬೆಲ್ಲ ಇಲ್ಲದ್ದು ಸಾಂಬಾರಾ ಅಮ್ಮ? ಅದು ಕಷಾಯ," ಅಂತ ವಾಸಣ್ಣ. ಈ ಜಗಳಕ್ಕಾಗಿಯೇ ಇಬ್ಬರೂ ವಾರವೆಲ್ಲ ಕಾಯುತ್ತಿದ್ದರು ಅನ್ನಿಸುತ್ತದೆ.

ಒಳ್ಳೆಯ ಮನುಷ್ಯ. ಕಟ್ಟುಮಸ್ತು ಮೈ, ತಲೆತುಂಬ ಕೂದಲು, ಒಂದೂ ದುರಭ್ಯಾಸವಿಲ್ಲ. ಆದರೆ ಮೂವತ್ತು ದಾಟಿ ಎಷ್ಟೋ ದಿನವಾದರೂ ಮದುವೆ ಕೂಡಿಬಂದಿರಲಿಲ್ಲ. ಕಾರಣ ಫೋಟೋ. ಹೋಟೆಲಿನ ವಾರ್ಷಿಕೋತ್ಸವದಲ್ಲಿ ಯಾರೋ ಫ್ಲಾಶ್ ಹೊಡೆದು ತೆಗೆದದ್ದನ್ನು ಅವರಮ್ಮ ಊರಿನಲ್ಲಿ ಹೆಣ್ಣಿನ ಕಡೆಯವರಿಗೆ ತೋರಿಸಿದ್ದರು. ಅದರಲ್ಲಿ ವಾಸಣ್ಣ ಗೋಡೆಗೆ ಅಂಟಿ ನಿಂತಿದ್ದರು. ತಲೆಯ ಮೇಲೆ ಸರಿಯಾಗಿ, ಕಿರೀಟವಿಟ್ಟ ಹಾಗೆ, 'ಆಜ್ ಕಾ ಸ್ಪೆಷಲ್' ಎಂಬ ಬೋರ್ಡು. ಹೆಣ್ಣಿನ ಕಡೆಯವರು ಬೇಡವೆಂದರು. ಆಮೇಲೆ ಇನ್ನೊಂದು ಮನೆಗೆ ಕಳಿಸಿದ್ದು ಪಾಸ್‌ಪೋರ್ಟ್ ಫೋಟೋ. ಅದರಲ್ಲಿ ಎರಡು ಕಿವಿ ಬಿಟ್ಟರೆ ಬೇರೇನೂ ಗಮನಕ್ಕೆ ಬರುತ್ತಿರಲಿಲ್ಲ. ಅವರೂ ಬೇಡವೆಂದರು.

ಒಂದು ದಿನ ಸಾಂಬಾರಿನ ಡಬ್ಬಿಯಿಲ್ಲದೆ ಬಂದರು. ಏನೋ ದೊಡ್ಡದೇ ಇರಬೇಕು ಎಂದುಕೊಂಡೆ.

"ಅಕ್ಕ, ಇನ್ನೊಂದು ಕಡೆ ಮಾತು ಬಂದುಂಟು. ಹುಡುಗಿ ಟೀಚರು. ಜಯಂತಿ ಅಂತ ಹೆಸರು. ಅವರಿಗೆ ಫೋಟೋ ಬೇಕಂತೆ. ಇದೂ ಹೋದ್ರೆ ಇನ್ನು ನಾನು ಹುಡುಗಿ ಹುಡುಕುದಿಲ್ಲ, ನೀನು ನಿನ್ನ ಹೋಟೆಲನ್ನೇ ಕಟ್ಕೋ ಅಂತ ಅಮ್ಮ ಹೇಳಿ ಕಳಿಸಿದ್ದಾರೆ." ಕೈಬೆರಳುಗಳನ್ನು ಒಂದೊಂದಾಗಿ ಒತ್ತಿ ನೆಟಿಗೆ ತೆಗೆದರು. "ನಮ್ಮ ಅಡುಗೆ ಭಟ್ರು ಬುಧವಾರದ ಬಸ್ಸಿಗೆ ಊರಿಗೆ ಹೋಗ್ತಾರೆ. ಅವರ ಕೈಯಲ್ಲಿ ಕಳಿಸ್ಬೇಕು. ರಾಯ್ರು ಒಂದು ತೆಗೆದುಕೊಡ್ತಾರಾ?"

ರಾಯರು, ಎಂದರೆ ನಮ್ಮವರು, ಆಗಲೇ ವಾಸಣ್ಣನ ಮೂಗಿನ ನೆರಳು ನೋಡುತ್ತಿದ್ದರು.

ಭಾನುವಾರ ಬೆಳಗ್ಗೆ ಶುರುವಾಯಿತು. ಮೊದಲ ಕೆಲಸ ಬಿಸಿಲನ್ನು ಓಡಿಸುವುದು. ಸೂರ್ಯ ಹೇಳಿದ ಮಾತು ಕೇಳುವುದಿಲ್ಲ, ಸ್ಟುಡಿಯೋದಲ್ಲಿ ಅವನಿಗೆ ಪ್ರವೇಶವಿಲ್ಲ ಎಂದು ನಮ್ಮವರು ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ಮೇ ತಿಂಗಳು. ಹೊರಗೆ ಬಿಟ್ಟಿಯಾಗಿ ಸುರಿಯುತ್ತಿದ್ದ ಬೆಳಕನ್ನು ತಡೆದು, ಒಳಗೆ ಐನೂರು ವಾಟಿನ ಎರಡು ಬಲ್ಬು ಹಚ್ಚಿದೆವು. ಗಾಳಿಗೆ ಕೊಡೆ ಅಲ್ಲಾಡುತ್ತದೆಂದು ಫ್ಯಾನೂ ಬಂದ್. ಬಲಕ್ಕೆ, ನೆಲ ಒರೆಸುವ ಕೋಲಿಗೆ ಕಟ್ಟಿದ ಪಾಯಸದ ಪಾತ್ರೆ. ಎಡಕ್ಕೆ, ಕೊಡೆಗೆ ಬೆಳಕು ಬಡಿದು ಹಿಂದಿರುಗುವ ಎರಡನೆಯ ಬಲ್ಬು. ಅದು ಸಾಲದೆಂದು ಒಂದು ಬಿಳಿ ಹೊದಿಕೆಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಾನು. ನನ್ನ ಹುದ್ದೆಯ ಹೆಸರು ರಿಫ್ಲೆಕ್ಟರು. ಬೇರೆಯವರ ಬೆಳಕನ್ನು ಬೇರೆಯವರ ಮುಖಕ್ಕೆ ತಿರುಗಿಸುವ ಕೆಲಸ. ಮನೆಯೊಡತಿಗೆ ಅದೇನೂ ಹೊಸದಲ್ಲ. ಕೈನೋವು ಮಾತ್ರ ಹೊಸದು.

ಬ್ಯಾಕ್ ಲೈಟು ಅತ್ತೆ. ವಾಸಣ್ಣ ಕೂತ ಸ್ಟೂಲಿನ ಹಿಂದೆ, ಕ್ಯಾಮೆರಾಗೆ ಕಾಣದಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಟೇಬಲ್ ಲ್ಯಾಂಪನ್ನು ಎತ್ತಿ ಹಿಡಿದು ಕೂತಿದ್ದರು. ಬಾಯಲ್ಲಿ ಸಹಸ್ರನಾಮ.

"ವಾಸು, ನಗಿ," ಅಂದರು ನಮ್ಮವರು.

ವಾಸಣ್ಣ ಹಲ್ಲು ತೋರಿಸಿದರು. ದಂತವೈದ್ಯರಿಗೆ ತೋರಿಸುವ ಹಾಗೆ.

"ಹಾಗಲ್ಲ. ಮನಸ್ಸಿನಿಂದ."

"ಮನಸ್ಸಿನಿಂದಲೇ ರಾಯ್ರೆ. ಮುಖಕ್ಕೆ ಬರುವಾಗ ಹೀಗೆ ಆಗ್ತದೆ."

"ಏನಾದ್ರೂ ಸಂತೋಷದ್ದು ನೆನೆಸ್ಕೊಳ್ಳಿ."

ವಾಸಣ್ಣ ನೆನೆಸಿಕೊಂಡರು. ಹುಬ್ಬು ಗಂಟಿಕ್ಕಿತು. ಹಣೆಯಿಂದ ಬೆವರು ಇಳಿದು ಮೀಸೆಯ ಎರಡೂ ತುದಿಯಿಂದ ತೊಟ್ಟಿಕ್ಕತೊಡಗಿತು. ನಾನು ಹೊದಿಕೆ ಕೆಳಗಿಟ್ಟು ಅವರ ಮುಖಕ್ಕೆ ಪೌಡರ್ ಹಾಕಿದೆ. ಬೆವರಿಗೆ ಪೌಡರ್ ಬಿದ್ದು ದೋಸೆಹಿಟ್ಟಿನ ಹದಕ್ಕೆ ಬಂತು. ಒರೆಸಿದೆ. ಮತ್ತೆ ಹಾಕಿದೆ. ಹಿಂದಿನಿಂದ ಅತ್ತೆ, "ಅಯ್ಯೋ, ಆ ಮಗು ಬೆಂದುಹೋಗ್ತಾ ಇದೆ, ಬೇಗ ತೆಗೀರೋ," ಅಂದರು. ಬೆನ್ನ ಹಿಂದೆ ನೆಲದಿಂದ ಬಂದ ಈ ದನಿಗೆ ವಾಸಣ್ಣ ಬೆಚ್ಚಿದರು; ಆ ಹೊತ್ತಿಗೇ ಸರಿಯಾಗಿ ನಮ್ಮವರು ಒತ್ತಿದರು. ಹೀಗೆಯೇ ಅರ್ಧ ರೋಲು ಮುಗಿಯಿತು.

ನಮ್ಮವರಿಗೆ ಸಮಾಧಾನ. "ಬೆಳಕು ಅದ್ಭುತವಾಗಿ ಬಂದಿದೆ," ಅಂದರು. ನನಗೆ ಇರಲಿಲ್ಲ. ಬೆಳಕು ಬಂದಿತ್ತು ನಿಜ, ವಾಸಣ್ಣ ಬಂದಿರಲಿಲ್ಲ. ಹೋಟೆಲಿನಲ್ಲಿ ನೋಡಿದ್ದೆನಲ್ಲ, ಈ ಮನುಷ್ಯ ನಕ್ಕರೆ ಹೇಗಿರುತ್ತಾರೆ ಎಂದು ನನಗೆ ಗೊತ್ತಿತ್ತು.

"ವಾಸಣ್ಣ, ಗಲ್ಲಾದ ಮೇಲೆ ಕೂತಾಗ ಎಷ್ಟು ಚೆನ್ನಾಗಿ ನಗ್ತೀರಿ. ಇಲ್ಲಿ ಯಾಕೆ ಹೀಗೆ?"

"ಅಲ್ಲಿ ಎದುರು ಯಾರಾದ್ರೂ ತಿಂತಾ ಇರ್ತಾರೆ ಅಕ್ಕ. ನಗು ತನ್ನಿಂತಾನೇ ಬರ್ತದೆ. ಇಲ್ಲಿ ಯಾರೂ ತಿಂತಾ ಇಲ್ಲ. ನನಗೆ ಸುಮ್ಮನೆ ಕೂತು ಗೊತ್ತೇ ಇಲ್ಲ, ಎಂತ ಮಾಡುದು?"

ನಾನು ಹೊಲಿಗೆ ಮಿಷನ್ನಿನ ಮೇಜನ್ನು ಎಳೆದುತಂದು ಗಲ್ಲಾದ ಹಾಗೆ ಅವರ ಎದುರಿಗಿಟ್ಟೆ. ಅದರ ಮೇಲೆ ಒಂದು ತಟ್ಟೆಯಲ್ಲಿ ಸೋಂಪು. ಒಂದು ಲೋಟದಲ್ಲಿ, ಹಲ್ಲುಕಡ್ಡಿ ಇರಲಿಲ್ಲವಾದ್ದರಿಂದ, ಬೆಂಕಿಕಡ್ಡಿ. ಬಿಲ್ಲು ಚುಚ್ಚುವ ಮೊಳೆಯ ಬದಲು ನನ್ನ ದಬ್ಬಳವನ್ನು ಒಂದು ಆಲೂಗಡ್ಡೆಗೆ ನೆಟ್ಟು ನಿಲ್ಲಿಸಿದೆ. ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿಕೊಂಡು ಕ್ಯಾಮೆರಾದ ಪಕ್ಕ ಕೂತು ತಿನ್ನತೊಡಗಿದೆ.

ಏನು ಹೇಳಲಿ! ವಾಸಣ್ಣನ ಬೆನ್ನು ನೆಟ್ಟಗಾಯಿತು. ಬೆಂಕಿಕಡ್ಡಿಯ ಲೋಟವನ್ನು ಒಂದಿಂಚು ಬಲಕ್ಕೆ ಸರಿಸಿದರು. ಕತ್ತು ತುಸು ಓರೆಯಾಯಿತು, ಕೆನ್ನೆ ಸಡಿಲವಾಯಿತು, ಕಣ್ಣಂಚಿನಲ್ಲಿ ಗೆರೆಗಳೆದ್ದವು. "ಚಟ್ನಿ ಬೇಕಾ ಅಕ್ಕ?" ಅಂದರು, ನನ್ನ ಮನೆಯಲ್ಲೇ, ನನ್ನನ್ನೇ. ಮುಖದ ತುಂಬ ನಗು.

"ಹಾಗೇ ಇರಿ!" ಎಂದು ನಮ್ಮವರು ಕ್ಯಾಮೆರಾಗೆ ಕಣ್ಣಿಟ್ಟರು. ಆಗ ಕೆಳಗೆಲ್ಲೋ 'ಢಂ' ಎಂದಿತು. ಮೂರು ದೀಪವೂ ಹೋದವು.

ನಮ್ಮದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಇಡೀ ವಿಂಗಿನ, ಎಂದರೆ ಕಟ್ಟಡದಲ್ಲಿ ನಮ್ಮ ಭಾಗದ ಮನೆಗಳೆಲ್ಲದರ, ಕರೆಂಟು ಹೋಗಿತ್ತು. ಆ ಕಾಲದ ಭಾನುವಾರದ ಬೆಳಗ್ಗೆ ನೆನಪಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿರುವಾಗ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಅಷ್ಟೂ ಮನೆಗಳ ಟೀವಿ ಒಟ್ಟಿಗೆ ನಿಂತವು. ಆಮೇಲೆ ಒಂದೊಂದೇ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಕಾಲುಗಳ ಸದ್ದು. ಅಷ್ಟು ಕಾಲುಗಳು ನಮ್ಮ ಮನೆಗೆ ಗಣಪತಿ ಹಬ್ಬಕ್ಕೂ ಬಂದಿರಲಿಲ್ಲ.

ಮುಂದೆ ನಮ್ಮ ಸೊಸೈಟಿಯ ಸೆಕ್ರೆಟರಿ ಶಾಹ ಭಾಯಿ. "ಕ್ಯಾ ಚಲ್ ರಹಾ ಹೈ ಇಧರ್? ಪೂರಾ ವಿಂಗ್ ಕಾ ಲೈಟ್ ಗಯಾ!" ಎಂದು ಬಾಗಿಲು ತಳ್ಳಿದವರು ಹೊಸ್ತಿಲಲ್ಲೇ ನಿಂತರು. ಅವರ ಕಣ್ಣಿಗೆ ಬಿದ್ದದ್ದು ಇಷ್ಟು. ಹಗಲಲ್ಲೇ ಕತ್ತಲು ಮಾಡಿಕೊಂಡ ಕೋಣೆ. ಅದರ ನಡುವೆ ಬಿಡಿಸಿದ ಕೊಡೆ. ಕೋಲಿಗೆ ತೂಗುಬಿದ್ದ ಪಾತ್ರೆ. ದಬ್ಬಳ ಚುಚ್ಚಿದ ಆಲೂಗಡ್ಡೆಯ ಮುಂದೆ ಮುಖಕ್ಕೆ ಬಿಳಿ ಬಳಿದುಕೊಂಡ ಗಂಡಸು. ಅವನ ಬೆನ್ನ ಹಿಂದೆ ನೆಲದಲ್ಲಿ ಮಂತ್ರ ಹೇಳುತ್ತಿರುವ ಮುದುಕಿ. ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತಿರುವ ನಾನು.

ಶಾಹ ಭಾಯಿ ಒಂದು ಹೆಜ್ಜೆ ಹಿಂದಿಟ್ಟರು. ಅವರ ಹಿಂದಿದ್ದವರು ಅವರ ಹೆಗಲ ಮೇಲಿಂದ ಇಣುಕಿದರು. ಯಾರೋ ಒಬ್ಬರು ಮೆಲ್ಲಗೆ ರಾಮ ರಾಮ ಅಂದರು.

ನಮ್ಮನ್ನು ಉಳಿಸಿದ್ದು ವಾಸಣ್ಣ. ಅವರಿನ್ನೂ ಗಲ್ಲಾದ ಮೇಲೆಯೇ ಇದ್ದರು. ಬಾಗಿಲಲ್ಲಿ ಅಷ್ಟು ಜನ ನಿಂತಿದ್ದು ಕಂಡದ್ದೇ ಕೈ ತಾನಾಗಿ ಎದ್ದಿತು.

"ಆಯಿಯೇ ಶೇಟ್, ಆಯಿಯೇ! ಅಂದರ್ ಜಗಾ ಹೈ. ಫ್ಯಾಮಿಲಿ ಹೈ ಕ್ಯಾ ಸಾಥ್ ಮೇಂ?"

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಜಗಳಕ್ಕೆ ಬಂದವರು ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಮುಂಬಯಿಯ ಮನುಷ್ಯನಿಗೆ ಜಾಗ ಇದೆ ಎಂದರೆ ಸಾಕು, ಮೊದಲು ಕೂರುತ್ತಾನೆ, ಕಾರಣ ಆಮೇಲೆ ಕೇಳುತ್ತಾನೆ. ನಾನು ಉಳಿದ ಉಪ್ಪಿಟ್ಟನ್ನು ಹಂಚಿದೆ. ಕೆಳಗೆ ಯಾರೋ ಫ್ಯೂಸ್ ವೈರು ಕಟ್ಟುವಷ್ಟರಲ್ಲಿ ಸೋಂಪಿನ ತಟ್ಟೆ ಖಾಲಿಯಾಗಿತ್ತು. ಮದುವೆಯ ಫೋಟೋ ಎಂದು ತಿಳಿದ ಮೇಲೆ ಶಾಹ ಭಾಯಿ ಮೆತ್ತಗಾದರು. ಎದ್ದು ಹೋಗುವಾಗ ಪಾಯಸದ ಪಾತ್ರೆಯನ್ನು ಬೆರಳಲ್ಲಿ ತಟ್ಟಿ ತೀರ್ಪು ಕೊಟ್ಟರು. "ಶಾದೀ ಕಾ ಮಾಮಲಾ ಹೈ, ಲೇ ಲೋ. ಲೇಕಿನ್ ಏಕ್ ಹೀ ಲೈಟ್. ಛೋಟಾವಾಲಾ."

ಒಂದೇ ದೀಪ, ಅದೂ ಚಿಕ್ಕದು; ಎಂದರೆ ಅತ್ತೆಯ ಕೈಲಿದ್ದ ಟೇಬಲ್ ಲ್ಯಾಂಪು. ಕಿಟಕಿಯ ಕಂಬಳಿ ತೆಗೆದರೆ ಮುಗಿಯಿತಲ್ಲ ಎಂದು ನಾನಂದೆ. ನಮ್ಮವರು ನನ್ನನ್ನು ನೋಡಿದ ನೋಟದಲ್ಲಿ ಆ ಶನಿವಾರದ ವಿದ್ಯೆಯೆಲ್ಲ ಇತ್ತು. ಹಿಂದಿದ್ದ ಅತ್ತೆಯನ್ನು ಕೈಹಿಡಿದು ಎಬ್ಬಿಸಿ, ಮುಂದೆ ತಂದು, ಕ್ಯಾಮೆರಾದ ಪಕ್ಕದ ಮಣೆಯ ಮೇಲೆ ಕೂರಿಸಿದರು.

"ಅಮ್ಮ, ಕೀ ಲೈಟು ಈಗ ನೀನೇ. ದೀಪ ಮೇಲೆ ಹಿಡಿ. ಇನ್ನೂ ಮೇಲೆ. ಹಾಂ."

ಅತ್ತೆ ಹಿಡಿದರು. ನಾನು ಡಬ್ಬದಲ್ಲಿ ಉಳಿದಿದ್ದ ಚಕ್ಕುಲಿ ತಿನ್ನುತ್ತಾ ಕೂತೆ. ವಾಸಣ್ಣನ ನಗು ಬಂತು. ಬಂದದ್ದು ಅಂತಿಂಥ ನಗುವಲ್ಲ. ಒಂದು ಇಡೀ ವಿಂಗನ್ನು ಕೂರಿಸಿ ತಿನ್ನಿಸಿ ಕಳಿಸಿದ ಮನುಷ್ಯನ ನಗು. ನಮ್ಮವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಒಂದರ ಮೇಲೊಂದು ತೆಗೆದರು. ಅವರಿಗೆ ಆ ನಗು ತಪ್ಪಿಹೋದೀತೆಂಬ ಭಯ. ದೀಪ ಎಲ್ಲಿದೆಯೆಂದು ನೋಡುವ ವ್ಯವಧಾನವಿಲ್ಲ. ನನಗೆ ಚಕ್ಕುಲಿ ಮುರಿಯುವ ಕೆಲಸ. ಅತ್ತೆಗೋ ಎಪ್ಪತ್ತರ ಹತ್ತಿರದ ತೋಳು.

ಮಂಗಳವಾರ ಪ್ರಿಂಟುಗಳು ಬಂದವು. ವಾಸಣ್ಣನನ್ನು ಕರೆಸಿ ನಮ್ಮವರು ಮೇಜಿನ ಮೇಲೆ ಹರಡಿದರು. ಮೊದಲ ಅರ್ಧದವು ಬೆಳಕಿನ ಲೆಕ್ಕದಲ್ಲಿ ಗೋರೆಗಾಂವಿನವರೂ ಮೆಚ್ಚುವಂಥವು. ಮೂಗಿನ ನೆರಳು ಮೂಗಿನ ಪಕ್ಕದಲ್ಲಿ, ಕೂದಲಂಚಿಗೆ ಬೆಳ್ಳಿರೇಖೆ, ಎಲ್ಲ ಅಚ್ಚುಕಟ್ಟು. ನಡುವೆ ಒಬ್ಬ ಸುಂದರ ಅಪರಿಚಿತ. ಯಾರದೋ ಸಾವಿನ ಸುದ್ದಿ ಹೇಳಲು ಬಂದು, ಹೇಗೆ ಹೇಳುವುದೆಂದು ತಿಳಿಯದೆ ಕೂತವನ ಹಾಗೆ.

ಉಳಿದ ಅರ್ಧದಲ್ಲಿ ಅತ್ತೆಯ ಕೈ ಇಳಿಯುತ್ತಾ ಇಳಿಯುತ್ತಾ ಮಡಿಲಿಗೆ ಬಂದಿತ್ತು. ಬೆಳಕೆಲ್ಲ ಕೆಳಗಿನಿಂದ. ಗದ್ದ ಹೊಳೆಯುತ್ತಿತ್ತು, ಮೂಗಿನ ಹೊಳ್ಳೆಗಳು ಗವಿಗಳಾಗಿದ್ದವು, ಹುಬ್ಬಿನ ನೆರಳು ಹಣೆಯ ಮೇಲೆ ಕೊಂಬಿನ ಹಾಗೆ ಎದ್ದಿತ್ತು. ಅದರ ನಡುವೆ ಆ ಮಹಾ ನಗು.

"ಅಮ್ಮಾ, ದೀಪ ಎಲ್ಲಿ ಹಿಡಿದಿದ್ದೆ?" ಎಂದು ನಮ್ಮವರು ನರಳಿದರು.

"ಕೈಯಲ್ಲೇ ಹಿಡಿದಿದ್ದೆ ಕಣೋ. ಕಾಲಲ್ಲಿ ಹಿಡಿಯಕ್ಕಾಗತ್ತಾ?"

ವಾಸಣ್ಣ ಅದರಲ್ಲೊಂದನ್ನು ಎತ್ತಿ ನೋಡಿ, ತಲೆಕೆಳಗು ಮಾಡಿ ನೋಡಿ, ಮತ್ತೆ ನೆಟ್ಟಗೆ ಹಿಡಿದು, "ರಾಯ್ರೆ, ಇದು ಯಕ್ಷಗಾನದ ಬಣ್ಣದ ವೇಷ," ಅಂದರು. ಅವರ ಕಡೆಯ ಆಟದಲ್ಲಿ ಬಣ್ಣದ ವೇಷ ಎಂದರೆ ರಾಕ್ಷಸ. "ಇದನ್ನು ಕಳಿಸಿದ್ರೆ ಹುಡುಗಿ ಕೊಡುದಿಲ್ಲ. ಮೇಳದವರು ಬಂದು ಕರ್ಕೊಂಡು ಹೋಗ್ತಾರೆ."

ಹಾಗಾದರೆ ಮೊದಲಿನದೇ ಇರಲಿ ಎಂದು ನಮ್ಮವರು. ಅದರಲ್ಲಿ ಜೀವವೇ ಇಲ್ಲ ಎಂದು ನಾನು. ವಾಸಣ್ಣ ಎರಡು ಬಗೆಯದರಲ್ಲೂ ಒಂದೊಂದನ್ನು ಜೇಬಿಗಿಟ್ಟುಕೊಂಡು ಹೋದರು. ಬುಧವಾರದ ಬಸ್ಸು ಮಧ್ಯಾಹ್ನದ್ದು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮನುಷ್ಯ ಬೆಳಗ್ಗೆ ಗಲ್ಲಾದ ಮೇಲೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು, ಬಿಲ್ಲು ಕೊಡಲು ಬಂದವರಿಗೆಲ್ಲ ತೋರಿಸತೊಡಗಿದರಂತೆ. ಆಫೀಸಿಗೆ ಹೊರಟಿದ್ದ ನಮ್ಮವರು ಅಲ್ಲೇ ನಿಂತು ನೋಡಿ, ಸಂಜೆ ಬಂದು ನನಗೆ ಹೇಳಿದರು. ಮುಲುಂಡಿನ ಅರ್ಧ ಜನ, ಎಂಟರ ಲೋಕಲ್ಲಿಗೆ ಓಡುವ ಅವಸರದಲ್ಲಿ, ವಾಸಣ್ಣನ ಮದುವೆಯ ತೀರ್ಮಾನ ಮಾಡಿದರು. ಮೊದಲನೆಯದನ್ನು ನೋಡಿ, "ಯೇ ಕೌನ್ ಹೈ?" ಎಂದು ಕೇಳಿದವರೇ ಎಲ್ಲ. ತಮ್ಮನಾ? ಊರಿನವರಾ? ಎರಡನೆಯದನ್ನು ನೋಡಿದ್ದೇ ತಡ, "ಅರೇ, ಯೇ ತೋ ಅಪನಾ ವಾಸೂ ಶೇಟ್!" ಒಬ್ಬರಿಗೂ ಅದು ರಾಕ್ಷಸನಂತೆ ಕಾಣಲಿಲ್ಲ.

ನನಗೆ ಇದು ಒಗಟಾಯಿತು. ಮಾರನೆಯ ಸಂಜೆ ಕಾಫಿಯ ನೆಪದಲ್ಲಿ ನಾನೇ ಹೋಟೆಲಿಗೆ ಹೋಗಿ ನೋಡಿದೆ. ಎಷ್ಟು ಸಲ ಹೋಗಿದ್ದೆನೋ, ಗಮನಿಸಿರಲಿಲ್ಲ. ಗಲ್ಲಾದ ಕೆಳಗೆ, ಮುಂಭಾಗಕ್ಕೆ, ಮೈಸೂರುಪಾಕು ಲಾಡು ಜೋಡಿಸಿಟ್ಟ ಗಾಜಿನ ಕಪಾಟು. ಕಪಾಟಿನೊಳಗೆ ಒಂದು ಟ್ಯೂಬ್‌ಲೈಟು. ಅದರ ಬೆಳಕು ಗಾಜು ದಾಟಿ ನೇರವಾಗಿ ವಾಸಣ್ಣನ ಗದ್ದಕ್ಕೆ. ಹೊಳೆಯುವ ಗದ್ದ, ಗವಿಯಂಥ ಮೂಗು, ಹಣೆಯ ಮೇಲೆ ಕೊಂಬು, ನಡುವೆ ನಗು. ಮುಲುಂಡಿನ ಜನ ಇಷ್ಟು ವರ್ಷ ನೋಡಿದ್ದು ಈ ಮುಖವನ್ನೇ. ಅತ್ತೆ ತಮಗೆ ತಿಳಿಯದೆಯೇ ಲಾಡಿನ ಕಪಾಟಿನ ಎತ್ತರಕ್ಕೆ ಸರಿಯಾಗಿ ದೀಪ ಇಳಿಸಿದ್ದರು.

"ಎರಡನೇದನ್ನೇ ಕಳಿಸಿದೆ ಅಕ್ಕ," ಅಂದರು ವಾಸಣ್ಣ, ಟ್ಯೂಬ್‌ಲೈಟಿನ ಮೇಲೆ ಕೂತು. "ಇಷ್ಟು ಜನ ನಾನೇ ಅಂತ ಹೇಳಿದ ಮೇಲೆ ನಾನೇ ಇರ್ಬೇಕು. ಹೋದ್ರೆ ಹೋಗ್ಲಿ." ನಗುತ್ತಲೇ ಹೇಳಿದರು. ಆದರೆ ನನಗೆ ಕೊಡಬೇಕಾದ ಚಿಲ್ಲರೆಯನ್ನು ಎರಡು ಸಲ ತಪ್ಪು ಎಣಿಸಿದರು. ಅವರಿಗೆ ಹಾಗಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಒಂದೆರಡು ವಾರದ ಮೇಲೆ ಹುಡುಗನನ್ನು ಬರಹೇಳಿ ಎಂದು ಊರಿನಿಂದ ಮಾತು ಬಂತು. ವಾಸಣ್ಣ ಹೋದರು. ಮಳೆಗಾಲ ಕಳೆದ ಮೇಲೆ ಮದುವೆ ಮಾಡಿಕೊಂಡು, ಜಯಂತಿಯನ್ನು ಕರೆದುಕೊಂಡೇ ಮುಲುಂಡಿಗೆ ಬಂದರು. ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಹಾಲಿನಲ್ಲಿ ಅತ್ತೆಯೂ ವಾಸಣ್ಣನೂ ಬೆಲ್ಲದ ಜಗಳ ತೆಗೆದಿದ್ದರು. ಜಯಂತಿ ಅಡುಗೆಮನೆಯಲ್ಲಿ ನನ್ನ ಜೊತೆ ನಿಂತು ಹಪ್ಪಳ ಕರಿಯುತ್ತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲಮ್ಮಾ, ಆ ಫೋಟೋ ನೋಡಿ ಹೇಗೆ ಒಪ್ಪಿದೆ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಪ್ಪ ಬೇಡವೇ ಬೇಡ ಅಂದ್ರು ಅಕ್ಕ. ಅಣ್ಣನ ಮಕ್ಕಳು ನೋಡಿ ಕಿರುಚಿದ್ವು. ಆದ್ರೆ ನನಗೆ ಅಷ್ಟು ಫೋಟೋ ಬಂದಿತ್ತಲ್ಲ, ಎಲ್ಲಾ ಹುಡುಗರೂ ನನ್ನನ್ನು ಪರೀಕ್ಷೆ ಮಾಡುವ ಹಾಗೆ ನೋಡ್ತಾ ಇದ್ರು. ಇವರೊಬ್ರು 'ಬನ್ನಿ, ಕೂತ್ಕೊಳ್ಳಿ' ಅಂದ ಹಾಗೆ ಇತ್ತು. ರಾಕ್ಷಸನೇ, ಸರಿ. ಆದ್ರೆ ಬನ್ನಿ ಅನ್ನುವ ರಾಕ್ಷಸ. ಬರ್ಲಿಕ್ಕೆ ಹೇಳಿ ಅಂದೆ."

"ಬಂದರಲ್ಲ?"

"ಬಂದದ್ದು ಬೇರೆ ಯಾರೋ! ಚಂದ ಇದ್ರು, ಇಲ್ಲ ಅನ್ನುದಿಲ್ಲ. ಆದ್ರೆ ಜಗಲಿಯಲ್ಲಿ ಕಂಬದ ಹಾಗೆ ಕೂತಿದ್ರು. ನಗುದಿಲ್ಲ, ಮಾತಿಲ್ಲ. ನಾನು ಒಪ್ಪಿದ್ದು ಫೋಟೋದವರನ್ನು. ಇವರು ಆಗುದಿಲ್ಲ ಅಂತ ಅಮ್ಮನಿಗೆ ಹೇಳುವ ಅಂತ ಒಳಗೆ ಹೊರಟಿದ್ದೆ. ಅಷ್ಟರಲ್ಲಿ ಅಪ್ಪ ಅವಲಕ್ಕಿ ತಿನ್ಲಿಕ್ಕೆ ಶುರು ಮಾಡಿದ್ರು. ಇವರು ಎದ್ದು ನಿಂತು, 'ಇನ್ನೆಂತ ಕೊಡ್ಲಿ?' ಅಂತ ಕೇಳಿದ್ರು. ನಮ್ಮ ಮನೆಯಲ್ಲಿ, ನಮ್ಮ ಅಪ್ಪನ ಹತ್ರ! ಆಗ ಬಂತು ನೋಡಿ ಅಕ್ಕ, ಆ ನಗು. ಫೋಟೋದ್ದೇ. ಹಗಲು ಬೆಳಕಲ್ಲಿ ಕೊಂಬು ಒಂದು ಇರ್ಲಿಲ್ಲ."

"ಆಮೇಲೆ?"

"ಅಪ್ಪನಿಗೆ ಬಾಯಲ್ಲಿ ಅವಲಕ್ಕಿ, ಮಾತಾಡ್ಲಿಕ್ಕೆ ಆಗ್ಲಿಲ್ಲ. ಯಾರಾದ್ರೂ ಏನಾದ್ರೂ ಹೇಳ್ಬೇಕಲ್ಲ ಅಂತ ನಾನೇ, 'ಒಂದು ಕಾಫಿ, ಸಕ್ಕರೆ ಕಮ್ಮಿ' ಅಂದೆ. ಇವರು ಹಿಂದೆಮುಂದೆ ನೋಡ್ಲಿಲ್ಲ. ನಮ್ಮ ಅಡುಗೆಮನೆ ಕಡೆ ತಿರುಗಿ ಜೋರಾಗಿ, 'ಏಕ್ ಕಾಫೀ, ಚೀನೀ ಕಮ್!' ಅಂತ ಕೂಗಿದ್ರು. ಒಳಗೆ ಅಮ್ಮ ಹೆದರಿ ಮಾಡಿ ಕಳಿಸಿದ್ರು." ಜಯಂತಿ ಹಪ್ಪಳವನ್ನು ಎಣ್ಣೆಯಿಂದ ಎತ್ತಿ, ಸೋರಲು ಬಿಟ್ಟು, ತಟ್ಟೆಗೆ ಹಾಕಿದಳು. "ಎಲ್ಲರೂ ನನ್ನ ಮುಖ ನೋಡ್ತಾ ನಿಂತ್ರು ಅಕ್ಕ. ನಾನು ಕೂತ್ಕೊಂಡು ಕಾಫಿ ಕುಡಿದೆ."